ದಾಳಿಂಬ್ರಿ ಸಿಪ್ಪಿ ಮತ್ತ ಸಾಕಿದ ಕ್ರಿಮಿ

ಧಾರವಾಡದ ಒಂದು ಕಾಲೇಜಿನ ಲ್ಯಾಬಿನ್ಯಾಗ ನಾ ಇಪ್ಪತ್ತು ವರ್ಷದಿಂದ ಅಟೆಂಡರ್. ಕ್ರಿಮಿಗೆ ಊಟಾ ಹಾಕಿ ಬೆಳಸೋದು, ಆಮ್ಯಾಲ ಔಷಧಾ ಹಾಕಿ ಕೊಲ್ಲೋದು, ಇದು ಅಲ್ಲಿ ದಂಧೆ. ಇಂಥಾ ಕಡೆ ನಗಿ ಬರದ ದಿನಾನ ಕಮ್ಮಿ ಬಿಡ್ರಿ. ಹೋದ ವರ್ಷ ಸುಳ್ಳ ಅನ್ನೋ ಹಳ್ಳಿಯ ಹುಡುಗಿ ಒಬ್ಬಾಕಿ ದಾಳಿಂಬ್ರಿ ಸಿಪ್ಪಿ ಕಷಾಯದ ಮ್ಯಾಲ ಎಮ್ಮೆಸ್ಸಿ ಪ್ರಾಜೆಕ್ಟ್ ಹಿಡದಿದ್ಲು. ಮೊದಲ ಒಮ್ಮೆ ಫೇಲಾಗಿದ್ಲು. ಈ ಸಲ ಪಾಸಾದ್ರ ಊರ ಹತ್ರದ ಸಾಲ್ಯಾಗ ಟೀಚರ್ ಕೆಲಸ ಕಾದಿತ್ತು.

೧. ಸಿಪ್ಪಿ

ಹಳೇ ಹುಬ್ಬಳ್ಳಿಯ ಜ್ಯೂಸಿನಂಗಡಿಗೆ ಸಿಪ್ಪಿ ತರಾಕ ಹೋದ್ನಿ.

"ಹಣ್ಣ ಬಿಟ್ಟು ಸಿಪ್ಪಿ ಒಯ್ಯತೀರಲ್ರಿ!" ಅಂದ ಅಂಗಡಿಯಂವ.

"ಕ್ರಿಮಿ ಕೊಲ್ಲೋ ತಾಕತ್ತು ಸಿಪ್ಪ್ಯಾಗ ಐತಂತಪಾ."

ಮುಂದಿನ ವಾರ ಹೋದ್ರ ಸಿಪ್ಪೀನ ಇಲ್ಲ! "ಈಗ ಸಿಪ್ಪಿ ಸಮೇತ ರುಬ್ಬಾಕತ್ತೇನ್ರಿ" ಅಂದ.

"ಏನಾತು?"

"ಕ್ರಿಮಿ ಸುದ್ದಿ ಗೊತ್ತಿಲ್ರಿ. ಗಿರಾಕಿ ಮಾತ್ರ ಒಬ್ರೂ ಉಳದಿಲ್ಲ."

೨. ಸ್ವಚ್ಛತಾ

ಗ್ವಾಡಿಗೆ 'ಸ್ವಚ್ಛತೆ ಕಾಪಾಡಿ' ಅಂತ ಬೋರ್ಡು ಹಾಕ್ಯಾರ. ಟೇಬಲ್ ಮ್ಯಾಲ ನೋಡಿದ್ರ ಎಂಟ ಗಾಜಿನ ಪ್ಲೇಟು, ಒಳಗೆಲ್ಲಾ ಬಿಳೇ ಹೊಲಸು. ಕೆಲಸ ಮುಗದ ಹಳೇ ಪ್ಲೇಟು ಅಂತ ತಿಳಕೊಂಡು ಬಿಸಿನೀರು, ಫಿನಾಯಿಲ್ ಹಾಕಿ ಫಳಫಳಾ ತಿಕ್ಕಿಟ್ಟೆ.

ಹುಡುಗಿ ಬಂದು ಚೀರಿದ್ಲು. "ಅಯ್ಯ ಕಾಕಾ! ಕಷ್ಟಪಟ್ಟು ಸಾಕಿದ್ದೆಲ್ರಿ ಆ ಕ್ರಿಮಿನ್ನ!"

"ಹೆಂಗೂ ಕೊಲ್ಲಾಕನ ಸಾಕೀದಿ. ನಾ ಕೊಂದ್ರೇನವಾ?"

ಆಕಿ ಅತ್ತಬಿಟ್ಲು. ನನಗೂ ಭಾಳ ಕೆಟ್ಟ ಅನಿಸ್ತು. ಆದ್ರ ಆಕಿಗೆ ಪ್ರಾಜೆಕ್ಟ್ ಮಾಡಸೋ ಮೇಡಂ ಪ್ಲೇಟ್ ಎತ್ತಿ ನೋಡಿ, "ಇಲ್ಲೀತನಕಾ ಬಂದ ರಿಸಲ್ಟಿನ್ಯಾಗ ಇದ ಛಲೋ ಐತಿ" ಅಂದ್ರು.

೩. ಬಾಟ್ಲಿ

ಪಾಪ, ಹುಡುಗಿ ಮತ್ತ ಮೊದಲಿಂದ ಮಾಡಿದ್ಲು. ಪರೀಕ್ಷೆ ದಿನ ಹುಬ್ಬಳ್ಳಿಯಿಂದ ಪರೀಕ್ಷಕರು ಬಂದ್ರು. ಪ್ಲೇಟಿನ್ಯಾಗ ಕಷಾಯ ಬಿದ್ದಲ್ಲೆಲ್ಲಾ ಕ್ರಿಮಿ ಸತ್ತು ದುಂಡಗ ಬಯಲಾಗಿತ್ತು. ಸಾಹೇಬ್ರು ಖುಷಿಯಾಗಿ, "ಎಲ್ಲಿ, ಆ ಕಷಾಯ ತೋರಿಸ್ರಿ" ಅಂದ್ರು.

ಎರಡ ದಿನದಿಂದ ಕರೆಂಟ್ ಇಲ್ದ ಫ್ರಿಜ್ ಬಂದ್ ಆಗಿತ್ತು. ಬಾಟ್ಲಿ ತಂದಿಟ್ಟು ನೋಡ್ತೇನಿ, ಕಷಾಯದ ಮ್ಯಾಲ ಹತ್ತಿಯಂಥಾ ಬೂಷ್ಟು! ಹೋತು ಈಕಿ ನೌಕರಿ ಅಂದ್ಕೊಂಡ್ನಿ.

ಸಾಹೇಬ್ರು ಬಾಟ್ಲಿ ಎತ್ತಿ ಬೆಳಕಿಗೆ ಹಿಡದ್ರು. "ಕ್ರಿಮಿ ಕೊಲ್ಲೋ ಔಷಧದ ಮ್ಯಾಲ ಇದೇನವಾ?"

ಹುಡುಗಿ ಹೇಳಿದ್ಲು: "ಬೂಷ್ಟುರೀ ಸರ್. ನನ್ನ ಪ್ರಾಜೆಕ್ಟ್ ಬ್ಯಾಕ್ಟೀರಿಯಾ ಮ್ಯಾಲ ಅಷ್ಟ ಐತ್ರಿ. ಬೂಷ್ಟು ನನ್ನ ವಿಷಯದಾಗ ಬರಂಗಿಲ್ರಿ."

ಸಾಹೇಬ್ರು ನಕ್ಕೋತ ಚಸ್ಮಾ ತಗದು ಕಣ್ಣು ಒರಸ್ಕೊಂಡು ಸಹಿ ಮಾಡಿದ್ರು.

"ಪಾಸಾದಿ ಹೋಗವಾ. ಆದ್ರ ನನ್ನ ಬಸ್ಸು ಹುಬ್ಬಳ್ಳಿ ಹತ್ರದ ಬೈರಿದೇವರಕೊಪ್ಪ ದಾಟೋ ತನಕಾ ಆ ಬಾಟ್ಲಿ ಮುಚ್ಚಳಾ ಮಾತ್ರ ತಗೀಬ್ಯಾಡ."