ಏಳನೇತ್ತೆ ಹುಡುಗಿ ಮತ್ತು ಒಗಿಯೋ ಕಲ್ಲು

ಮನ್ಯಾಗ ಏಳನೇತ್ತೆ ಓದೋ ಹುಡುಗಿ ಒಬ್ಬಾಕಿ ಇದ್ಲಂದ್ರ, ದಿನಾ ಒಂದು ತಮಾಷೆ ಕರೀದನ ಬಾಗಲಿಗೆ ಬರತೈತಿ. ಮುಂಜಾನೆ ಸಾಲ್ಯಾಗ ಕಲಿತದ್ದನ್ನ ಸಂಜೀಕ ಓಣಿ ಮಂದಿ ಮ್ಯಾಲ ಹಚ್ಚಿ ನೋಡದಿದ್ರ ನನ್ನ ಮೊಮ್ಮಗಳಿಗೆ ಊಟ ಸೇರಂಗಿಲ್ಲ. ನಮ್ಮೂರು ಅಗಡಿ, ಹಾವೇರಿಗೆ ಹತ್ರ. ನಾನು ಕಲಿತದ್ದು ಎರಡನೇತ್ತೆ. ಮೂರನೇದಕ್ಕ ಕಳಸೋ ಮುಂದ ನಮ್ಮಪ್ಪ, "ಇಕಿ ಬಾಯಿ ಈಗ ಇಷ್ಟೈತಿ, ಇನ್ನ ಕಲಿಸಿದ್ರ ತಡಿಯೋರು ಯಾರು?" ಅಂತ ಎಮ್ಮಿ ಕಾಯಾಕ ಹಚ್ಚಿದ. ಹಂಗಾಗಿ ಹುಡುಗಿ ಪುಸ್ತಕ ತಗದ್ಲಂದ್ರ ನಾನು ಬಾಜೂಕ ಕುಂತು ಕಿವಿ ತಗೀತೇನಿ.

ಒಂದು: ಹಗ್ಗದ ಪಾಲು

ಮೊದಲು ನನ್ನ ಹಳೇ ಸಂಕಟ ಹೇಳಬೇಕು. ನನ್ನ ಗಂಡ ಮತ್ತು ಅವರ ಅಣ್ಣ ಬ್ಯಾರಿ ಆದಾಗ ಮನಿ ನಡುವ ಒಂದು ಗ್ವಾಡಿ ಎದ್ದಿತು. ಹಿತ್ತಲ ಹಂಚಾಕ ಊರ ಹಿರ್ಯಾ ಒಬ್ಬ ಬಂದ. ಎತ್ತಿನ ಹಗ್ಗ ತಂದು ಭಾವನ ಪಾಲಿನ ಸುತ್ತ ಹಾಸಿ ಗಂಟು ಹಾಕಿದ. ಅದ ಹಗ್ಗ ನಮ್ಮ ಪಾಲಿನ ಸುತ್ತ ಹಾಸಿದ. ಗಂಟು ಗಂಟಿಗೆ ಕೂಡ್ತು. "ಹಗ್ಗ ಸಮ, ಪಾಲು ಸಮ. ಎಲಿ ಅಡಿಕಿ ತರ್ರಿ" ಅಂದ.

ಅವರದು ಚೌಕಾಗಿ ಇತ್ತು, ನಮ್ಮದು ಹೆಣೆದ ಜಡಿ ಹಂಗ ಉದ್ದಕ. ಒಗಿಯೋ ಕಲ್ಲು ಗೆರಿಯಿಂದ ಒಂದು ಮೊಳ ಆಚೆ ಉಳಿದು ಅಕ್ಕನ ಪಾಲಿಗೆ ಹೋತು. ಅಕ್ಕ ಅಂದ್ರ ನನ್ನ ನೆಗೆಣ್ಣಿ, ಭಾವನ ಹೆಂಡತಿ.

ಅದು ಬರೇ ಕಲ್ಲಲ್ಲ. ಬಾಜೂಕ ನಳ ಐತಿ, ಓಣಿ ಹೆಂಗಸರೆಲ್ಲ ಅರಿಬಿ ಗಂಟು ಹೊತ್ತು ಅಲ್ಲೇ ಬರ್ತಾರ. ಯಾರ ಸೊಸಿ ತವರಿಗೆ ಹೋದ್ಲು, ಯಾಕ ಹೋದ್ಲು, ಹೊಳ್ಳಿ ಯಾರ ಗಾಡಿ ಮ್ಯಾಲ ಬಂದ್ಲು, ಎಲ್ಲಾ ಅಲ್ಲೇ ಹಿಂಡಿ ಹರವತಾರ. ಬಿಸಿ ಸುದ್ದಿ ಅಕ್ಕಗ, ತಂಗಳ ನನಗ. ನಾನು ಸೀರಿ ತೊಗೊಂಡು ಹೋದ್ರ, "ತಂಗೀ, ಈಗ ಗದ್ಲ ಐತಿ, ಆಮ್ಯಾಲ ಬಾ" ಅಂತಾಳ. ಆಮ್ಯಾಲ ಹೋದ್ರ ನೀರು ಇರತೈತಿ, ಮಾತು ಮುಗದಿರತೈತಿ.

ಇದರ ಮ್ಯಾಲ ನಮ್ಮತ್ತಿ. ಕೋಳಿ ಕೂಗೋ ಹೊತ್ತಿಗೆ ಗ್ವಾಡಿ ಆಚೆಯಿಂದ ಟಪ್ ಟಪ್ ಅಂತ ರೊಟ್ಟಿ ಬಡಿಯೋ ಸಪ್ಪಳ ಬರ್ತಿತ್ತು. ಅತ್ತಿ ಹಾಸಿಗ್ಯಾಗ ಮಕ್ಕೊಂಡ, "ಕೇಳು, ನಿಮ್ಮಕ್ಕ ಮೂವತ್ತು ರೊಟ್ಟಿ ಬಡದ್ಲು. ನೀ ಇನ್ನ ಕಣ್ಣು ತಿಕ್ಕಾಕತ್ತೀದಿ" ಅನ್ನಾಕಿ. ಅಕಿ ಸಾಯೋತನಕ ಆ ಸಪ್ಪಳಕ್ಕ ನಾನು ಬೈಸಿಕೊಂಡೆ. ಕಲ್ಲೂ ಅಕ್ಕಂದು, ಹೆಸರೂ ಅಕ್ಕಂದು. ಪಾಲಿನ ದಿನ ಹಿರ್ಯಾ ಮರತು ಹೋದ ಆ ಹಗ್ಗ ಒಂದ ನಮ್ಮ ಅಟ್ಟದ ಮ್ಯಾಲ ಉಳೀತು.

ಎರಡು: ಅರಿಶಿನದ ಕಾಗದ

ಈ ವರ್ಷ ಹುಡುಗಿ ಒಂದಿನ ಸಾಲಿಯಿಂದ ಅರಿಶಿನ ಹಚ್ಚಿದ ಕಾಗದದ ಚೂರು ತಂದ್ಲು. ಸೋಪಿನ ನೀರಾಗ ಅದ್ದಿದ್ಲು, ಕೆಂಪಾತು. "ಅಜ್ಜೀ, ಇದು ವಿಜ್ಞಾನ" ಅಂದ್ಲು. ನಾನು ಅರಿಶಿನ ನೀರಾಗ ಚೂರು ಸುಣ್ಣ ಕಲಸಿ ಮುಂದ ಇಟ್ಟೆ. ಅದೂ ರಕ್ತದಂಗ ಕೆಂಪಾತು. "ಇದು ಆರತಿ ನೀರು. ನಿನ್ನ ಪುಸ್ತಕಕ್ಕಿಂತ ಮೊದಲ ನಮ್ಮ ತಟ್ಟ್ಯಾಗ ಇತ್ತು" ಅಂದೆ.

ಅದನ್ನ ಅಕಿ ಮಾಸ್ತರಗ ಹೇಳಿದ್ಲು. ಅವ ನನ್ನ ಸಾಲಿಗೆ ಕರಸಿದ. ಎಮ್ಮಿ ಕಾಯಾಕ ಹೋದಾಕಿ ಅರವತ್ತು ವರ್ಷದ ಮ್ಯಾಲ ಏಳನೇತ್ತೆ ಮುಂದ ನಿಂತು ಪಾಠ ಮಾಡಿ ಬಂದೆ. ಮಕ್ಕಳು ಚಪ್ಪಾಳಿ ಹೊಡದ್ರು.

ಅಕ್ಕಗ ಇದು ಸಹನ ಆಗಲಿಲ್ಲ. ಆಕಿದೊಂದು ಹಳೇ ಬಡಾಯಿ ಐತಿ: ಹುಟ್ಟಿದಾಗಿಂದ ಮೈಗೆ ಸೋಪು ಮುಟ್ಟಿಸಿಲ್ಲ, ಬರೇ ಕಡ್ಲಿಹಿಟ್ಟು, ಅದಕ್ಕ ಬಣ್ಣ ಹಿಂಗೈತಿ ಅಂತ. ಮರುದಿನ ಕಲ್ಲಿನ ಹಂತೇಕ ಹೆಂಗಸರ ಮುಂದ ಅದನ್ನ ಮತ್ತ ಶುರು ಮಾಡಿದ್ಲು. ಜಳಕ ಮಾಡಿ ಬಂದು ನಿಂತಿದ್ಲು, ಕೈ ಇನ್ನೂ ಹಸಿ ಇತ್ತು. ನಮ್ಮ ಹುಡುಗಿ ಮೆಲ್ಲಕ ಹೋಗಿ, "ದೊಡ್ಡಜ್ಜೀ, ಒಂದೀಟು ಕೈ ಕೊಡ್ರಿ" ಅಂದು ಕಾಗದ ಒತ್ತಿದ್ಲು.

ಕಾಗದ ಕೆಂಪಾತು. ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಅಕ್ಕ ಅಂದ್ಲು, "ಕಡ್ಲಿಹಿಟ್ಟಿನಾಗ ಅಂಗಡ್ಯಾಂವ ಸೋಪು ಕಲಸ್ಯಾನ."

ಮೂರು: ಚೀಲ ಹಿಡಿದ ಸೀಟು

ಆಮ್ಯಾಲ ಒಂದು ರವಿವಾರ ಅಕ್ಕ, ನಾನು, ಹುಡುಗಿ ಮೂರೂ ಮಂದಿ ಬ್ಯಾಡಗಿಗೆ ಹೋದಿವಿ, ವರ್ಷದ ಮೆಣಸಿನಕಾಯಿ ತರಾಕ. ಸಂಜೀಕ ಹೊಳ್ಳಿ ಬರೋ ಮುಂದ ಬಸ್ ಸ್ಟ್ಯಾಂಡಿನಾಗ ಜಾತ್ರಿಯಷ್ಟು ಮಂದಿ. ಹೆಣ್ಣಮಕ್ಕಳಿಗೆ ತಿಕೀಟು ಪುಗಸಟ್ಟೆ ಆದಾಗಿಂದ ಸೀಟಿಗೆ ಯುದ್ಧ. ಒಂದು ಬಸ್ ಬಂದು ನಿಂದ್ರೂದ ತಡ, ಅಕ್ಕ ಮೆಣಸಿನಕಾಯಿ ಚೀಲ ಎತ್ತಿ ಕಿಡಕಿಯಾಗಿಂದ ಒಗದು ಸೀಟು ಹಿಡದ್ಲು. ಬೋರ್ಡಿನ ಮ್ಯಾಲ ಹೂವಿನ ಹಾರ ಜೋತು ಬಿದ್ದಿತ್ತು, ಅಕ್ಷರ ಕಾಣಲಿಲ್ಲ. ಚೀಲ ಒಳಗ ಹೋದ ಮ್ಯಾಲ ನಾವೂ ಹತ್ತಿದಿವಿ.

ಊರು ದಾಟೂದರಾಗ ಹುಡುಗಿ, "ಅಜ್ಜೀ, ಇದು ಹಾವೇರಿ ಬಸ್ ಅಲ್ಲ. ಸಂಜೀ ಸೂರ್ಯ ನಮ್ಮ ಮುಂದ ಇರಬೇಕು, ಬೆನ್ನಿಗೆ ಬಿದ್ದಾನ. ನಕಾಶೆ ಪ್ರಕಾರ ನಾವು ರಾಣೇಬೆನ್ನೂರಿಗೆ ಹೊಂಟೇವಿ" ಅಂದ್ಲು.

ಅಕ್ಕ, "ನಿನ್ನ ವಯಸ್ಸಿಗಿಂತ ಹೆಚ್ಚು ಸಲ ಈ ದಾರಿ ತಿರುಗೇನಿ. ಸೂರ್ಯ ಅಂದ್ರ ಸೂರ್ಯ, ಎಲ್ಲಿ ಬೇಕಾದಲ್ಲಿ ಇರ್ತಾನ. ಸುಮ್ನ ಕುಂದ್ರು" ಅಂದ್ಲು.

ಕಂಡಕ್ಟರ್ ಇನ್ನೂ ಹಿಂದಿನ ಗದ್ಲದಾಗ ಸಿಕ್ಕೊಂಡಿದ್ದ. ಮುಂದಿನ ಸ್ಟಾಪಿಗೆ ನಾನು, ಹುಡುಗಿ ಇಳದ ಬಿಟ್ವಿ. ಅಕ್ಕ ಇಳೀಲಿಲ್ಲ. ಒಗದು ಹಿಡಿದ ಸೀಟು ಬಿಡೂದಂದ್ರ ಆಕಿಗೆ ಅವಮಾನ.

ನಾವು ಮನಿ ಮುಟ್ಟಿ ಚಾ ಕುಡಿಯೋ ಹೊತ್ತಿಗೆ ರಾಣೇಬೆನ್ನೂರಿನ ಆಕಿ ಮಗಳ ಫೋನು ಬಂತು. "ಚಿಕ್ಕವ್ವಾ, ಅವ್ವ ನಮ್ಮ ಮನಿಗೆ ಬಂದಾಳ, ಕಾಳಜಿ ಮಾಡಬ್ಯಾಡ್ರಿ. ಬೇಕಂತನ ಬಂದೇನಿ ಅನ್ನಾಕತ್ತಾಳ." ಹಿಂದ ಟಪ್ ಟಪ್ ಸಪ್ಪಳ ಕೇಳಿಸ್ತು.

"ರೊಟ್ಟಿ ಯಾರವ್ವ ಬಡಿಯಾಕತ್ತಾರ?" ಅಂದೆ.

"ಕೆಲಸದಾಕಿ."

ಅಷ್ಟರಾಗ ಹಿಂದಿನಿಂದ ಅಳಿಯನ ಧ್ವನಿ ಬಂತು: "ಹಿಟ್ಟು ಇನ್ನೊಂದೀಟು ನಾದಲೇನು?"

ನಾನು ಏನೂ ಕೇಳಲಿಲ್ಲ ಅನ್ನೋರಂಗ ಫೋನು ಇಟ್ಟೆ. ಅಳಿಯನ ರೊಟ್ಟಿ ಸುದ್ದಿ ಓಣ್ಯಾಗ ಎಂಟು ಮನಿಗೆ ಹೇಳಿದೆ. ಒಂಬತ್ತನೇ ಮನ್ಯಾಗ ಕೀಲಿ ಹಾಕಿದ್ರು.

ನಾಕು: ಹಿರ್ಯಾನ ಕೂಡಿಸಿದ್ದು

ಗಣಿತದಾಗ ಸುತ್ತಳತಿ, ವಿಸ್ತೀರ್ಣ ಬಂದಾಗ ಮಾಸ್ತರು ಮಕ್ಕಳಿಗೆ ಅವರವರ ಹಿತ್ತಲ ಅಳಕೊಂಡು ಬರ್ರಿ ಅಂದ. ಹುಡುಗಿ ಟೇಪು ಹಿಡದು ನಮ್ಮದೂ ಅಳದ್ಲು, ದೊಡ್ಡಜ್ಜೀದೂ ಅಳದ್ಲು. ಆಮ್ಯಾಲ ಪೆನ್ಸಿಲ್ ಕಚಗೋತ ಕುಂತಾಕಿ, "ಅಜ್ಜೀ, ನಮಗ ಮೋಸ ಆಗೈತಿ" ಅಂದ್ಲು.

"ಹಗ್ಗ ಕೂಡಿತ್ತಲ್ಲ?"

"ಹಗ್ಗ ಕೂಡತೈತಿ. ಎರಡಕ್ಕೂ ಸುತ್ತ ಮೂವತ್ತೆರಡು ಮೀಟರ. ಆದ್ರ ದೊಡ್ಡಜ್ಜೀದು ಎಂಟು ಉದ್ದ, ಎಂಟು ಅಗಲ, ಒಳಗ ಅರವತ್ನಾಕು ಚೌಕ ಹಿಡಿತಾವ. ನಮ್ಮದು ಹನ್ನೆರಡು ಉದ್ದ, ನಾಕ ಅಗಲ, ಒಳಗ ನಲವತ್ತೆಂಟ. ಸಮ ಆಗಬೇಕಂದ್ರ ಗೆರಿ ಒಂದು ಮೀಟರ್ ಆಚೆ ಸರೀಬೇಕು."

ಒಂದು ಮೀಟರ್ ಅಂದ್ರ ಕಲ್ಲು ದಾಟಿ ಆಚೆ. ನನ್ನ ಕೈಯಾಗಿನ ಕೇರೋ ಮರ ಕೆಳಗ ಬಿತ್ತು, ಹಸನ ಮಾಡಿದ ಜ್ವಾಳ ಎಲ್ಲಾ ಚೆಲ್ಲಿದ್ವು. ಆರಿಸಲೂ ಇಲ್ಲ, ಸೀದಾ ಅಕ್ಕನ ಕಟ್ಟಿಗೆ ಹೋಗಿ, ಹಿತ್ತಲ ಮತ್ತ ಅಳಸಬೇಕು ಅಂದೆ.

ಆಕಿ ಓಣಿಗೆ ಕೇಳೂ ಹಂಗ ನಕ್ಕಳು. "ಅಳಸು ತಂಗೀ, ಎಷ್ಟು ಸಲ ಬೇಕಾದ್ರ ಅಳಸು. ಗೇಣು ಹೆಚ್ಚು ಬಂದ್ರ ಕಲ್ಲು ಸೈತ ನಿಂದ. ಕರಸು ಹಿರ್ಯಾನ."

ಹಿರ್ಯಾ ಈಗ ಹಣ್ಣಾದ ಮುದುಕ. ಕೋಲು ಊರಿಕೊಂಡು ಬಂದು, "ಹಗ್ಗ ಸುಳ್ಳು ಹೇಳಂಗಿಲ್ಲ" ಅಂದ. ಓಣಿಗೆ ಓಣಿ ನೆರದಿತ್ತು. ಹುಡುಗಿ ಅಟ್ಟದ ಮ್ಯಾಲಿನ ಅದ ಹಗ್ಗ ತಂದು, ತುದಿಯ ಒಂದು ತುಂಡು ಕೊಯ್ದು ಗಂಟು ಹಾಕಿ, ಅಂಗಳದಾಗ ಚೌಕಾಗಿ ಹಾಸಿದ್ಲು. "ಅಜ್ಜಾರ, ಇದರೊಳಗ ಕುಂದ್ರಿ."

ಹಿರ್ಯಾ ಆರಾಮ ಚಕ್ಕಳಬಕ್ಕಳ ಹಾಕಿ ಕುಂತ.

"ಈಗ ಏಳ್ರಿ." ಅದ ಹಗ್ಗ ಎರಡೂ ಕಡೆ ಜಗ್ಗಿ ಉದ್ದಕ ಮಾಡಿದ್ಲು, ನಡುವ ಗೇಣಿನಷ್ಟ ಜಾಗ. "ಹಗ್ಗ ಅದ ಐತ್ರಿ. ಈಗ ಕುಂದ್ರಿ."

ಹಿರ್ಯಾ ಒಂದು ಕಾಲು ಇಟ್ಟ. ಎರಡನೇ ಕಾಲು ಅದರ ಮುಂದ ಇಟ್ಟ. ಬಗ್ಗಿದ, ಎದ್ದ, ಮಂದಿ ಮಾರಿ ನೋಡಿದ. ಒಂಟಿಗಾಲಿನ ಕೊಕ್ಕರಿ ಹಂಗ ಬಾಳೊತ್ತು ನಿಂತು ಕೊನಿಗೆ ಅಂದ, "ನಾನು ಆವತ್ತು ಹಗ್ಗ ನೋಡಿದೆ, ನೆಲ ನೋಡಲಿಲ್ಲ. ಗೆರಿ ಸರಸ್ರಿ."

ಅಕ್ಕ, "ಇಷ್ಟು ವರ್ಷ ಹೋದದ್ದು ಹೋತಲ್ಲ" ಅಂತ ಗೊಣಗಿದ್ಲು. ಮಂದಿ ಕೇಳಲಿಲ್ಲ, ಆಕಿ ಮಾತು ಕೊಟ್ಟದ್ದು ಎಲ್ಲಾರೂ ಕೇಳಿದ್ರು. ಹುಡುಗಿ ಗೂಟ ಬಡದು ಹೊಸಾ ಗೆರಿ ಎಳದ್ಲು. "ಈಗ ಹಗ್ಗ ಸಮ ಇಲ್ಲ, ಹಿತ್ತಲ ಸಮ ಐತಿ" ಅಂದ್ಲು. ಹಿರ್ಯಾ ಕೋಲು ಎತ್ತಿಕೊಂಡು ಕೇಳಿದ, "ತಂಗೀ, ಊರಾಗ ನಾನು ಇನ್ನೂ ಹನ್ನೊಂದು ಹಿತ್ತಲ ಹಂಚೇನಿ. ನಿಮ್ಮ ಮಾಸ್ತರು ಈ ಪಾಠ ಬ್ಯಾರೆ ಮಕ್ಕಳಿಗೂ ಕಲಸ್ಯಾನೇನು?"

ಐದು: ಕಲ್ಲಿನ ಬಾಡಿಗಿ

ಮರುದಿನ ಮುಂಜಾನೆ ನಾನು ಕಲ್ಲಿನ ಬಾಜೂಕ ಕುಂದ್ರೋ ಮಣಿ ಹಾಕ್ಕೊಂಡು ಕುಂತೆ. ಸುದ್ದಿ ಬಿಸಿ ಬಿಸಿ ಬಂದ್ವು. ಹೆಂಗಸರೆಲ್ಲ ಒಗದು ಹೋದ ಮ್ಯಾಲ ಅಕ್ಕ ಅರಿಬಿ ಗಂಟು ಹೊತ್ತು ಗೆರಿ ಮ್ಯಾಲ ಬಂದು ನಿಂತ್ಲು. ಒಳಗ ಕಾಲಿಡಲಿಲ್ಲ.

"ತಂಗೀ, ಒಗೀಬಹುದಲ್ಲ?"

"ಒಗಿಯಕ್ಕ, ಯಾರು ಬ್ಯಾಡ ಅಂದ್ರು. ಒಂದು ಸುದ್ದಿ ಹೇಳಿ ಒಗಿ."

"ಯಾರದು?"

"ನಿಮ್ಮ ಮನೀದ. ನಿನ್ನ ಅಳಿಯ ರೊಟ್ಟಿ ಬಡಿಯೋದು ಯಾರ ಕಡೆ ಕಲಿತ?"

ಅಕ್ಕ ಆ ಕಡೆ ನೋಡಿದ್ಲು, ಈ ಕಡೆ ನೋಡಿದ್ಲು. ಗಂಟು ಇಳಿಸಿ ಕಲ್ಲಿನ ಮ್ಯಾಲ ಕುಂತ್ಲು. "ನಿಮ್ಮ ಭಾವನ ಕಡೆ" ಅಂದ್ಲು.

"ಭಾವಗ ಎಲ್ಲಿ ಬರ್ತಿತ್ತು?"

"ಬರ್ತಿತ್ತು. ನನಗ ಬರ್ತಿರಲಿಲ್ಲ, ನಾನು ಬಡದ್ರ ಹರೀತಿದ್ವು. ಕೂಡಿದ್ದಾಗ ಅತ್ತಿ ಬಡೀತಿದ್ಲು, ಬ್ಯಾರಿ ಆದ ದಿನದಿಂದ ಮುಂಜಾನೆ ಅವರ ಎದ್ದು ಬಡೀತಿದ್ರು. ಗ್ವಾಡಿ ಆಚೆ ಅತ್ತಿ ಎದ್ದಾಳ, ಜೋರ ಬಡೀರಿ ಅಂತ ನಾನು ಮಕ್ಕೊಂಡ ಹೇಳ್ತಿದ್ದೆ."

ನಮ್ಮತ್ತಿ ಸಾಯೋತನಕ ಆ ಟಪ್ ಟಪ್‌ಗೆ ನನ್ನ ಬೈದಿದ್ಲು. ಹೊಗಳಿದ್ದೆಲ್ಲಾ ಸ್ವಂತ ಮಗನ್ನ. ನನಗ ನಗಿ ತಡೀಲಿಲ್ಲ, ಅಕ್ಕಗೂ ತಡೀಲಿಲ್ಲ. ಇಬ್ಬರೂ ಕಲ್ಲು ಹಿಡಕೊಂಡು ನಕ್ಕಿವಿ.

ಆಮ್ಯಾಲ ಆಕಿ ಕಣ್ಣು ಒರಸಿಕೊಂಡು, "ಇದನ್ನ ಯಾರಿಗೂ ಹೇಳಬ್ಯಾಡ" ಅಂದ್ಲು.

"ಇಲ್ಲಕ್ಕ" ಅಂದೆ. ಹೊಳ್ಳಿ ನೋಡಿದ್ರ ಒಂಬತ್ತನೇ ಮನಿ ಕೀಲಿ ತಗದಿತ್ತು.