ಎದುರು ಮನೆಯ ಜರಿ ಗಿಡ

ಬಟ್ಟೆ ಹೊಲಿಯುವವರ ಬಾಳಿನಲ್ಲಿ ಪಜೀತಿಗಳಿಗೆ ಬರವಿಲ್ಲ. ಒಂದು ಮುಗಿದು ದಾರ ಕತ್ತರಿಸುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆದರೆ ಒಂದು ಕುಂಡದ ಗಿಡದ ದೆಸೆಯಿಂದ ನಾನು ಪಟ್ಟಷ್ಟು ಪಜೀತಿಯನ್ನು ಹುಣಸೂರಿನ ಇನ್ಯಾವ ಟೈಲರೂ ಪಟ್ಟಿರಲಾರಳು.

ಅಳತೆ

ನನ್ನ ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಎದುರು ಮನೆಯಲ್ಲಿರುವವರು ಪ್ರೈಮರಿ ಶಾಲೆಯ ಟೀಚರ್. ಒಂದು ಭಾನುವಾರ ಅವರು ಕೊಪ್ಪದಿಂದ ಜರಿ ಗಿಡವೊಂದನ್ನು ತಂದು ಜಗಲಿಯ ಮೇಲಿಟ್ಟರು. ಜರಿ ಅಂದರೆ ನನಗೆ ಗೊತ್ತಿದ್ದದ್ದು ಸೀರೆಯ ಅಂಚಿನದು ಮಾತ್ರ. ಇದಕ್ಕೆ ಹೂವಿಲ್ಲ, ಹಣ್ಣಿಲ್ಲ, ಬರೀ ಗರಿಯಂಥ ಎಲೆ. ಆದರೂ ರವಿಕೆಗೆ ಅಳತೆ ಕೊಡಲು ಬಂದವರೆಲ್ಲ ಕತ್ತು ತಿರುಗಿಸಿ ಅದನ್ನೇ ನೋಡುವವರು. ನೆಟ್ಟಗೆ ನಿಲ್ಲದವರ ಅಳತೆ ಹಿಡಿದು ಮೂರು ರವಿಕೆ ಕೆಟ್ಟವು. ನಾನು ಹೊಸ ಮೂಗುಬೊಟ್ಟು ಹಾಕಿದರೂ ಕಾಣದ ನನ್ನ ಯಜಮಾನರು ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, "ಏನ್ ಚೆಂದಾಗೈತೆ ಕಣೆ ಆ ಗಿಡ" ಅಂದುಬಿಟ್ಟರು.

ಅವತ್ತೇ ಟೀಚರ್ ಶಾಲೆಗೆ ಹೋದ ಮೇಲೆ ಟೇಪು ಹಿಡಿದು ರಸ್ತೆ ದಾಟಿ, ಅವರ ಗಿಡದ ಎತ್ತರ, ಸುತ್ತಳತೆ ಬರೆದುಕೊಂಡೆ. ಬಿಳಿಕೆರೆಯ ನರ್ಸರಿಗೆ ಹೋಗಿ, ಅದಕ್ಕಿಂತ ದೊಡ್ಡದು ಹುಡುಕುತ್ತಾ ಒಂದೊಂದೇ ಕುಂಡಕ್ಕೆ ಟೇಪು ಸುತ್ತತೊಡಗಿದೆ. ನರ್ಸರಿಯವನು ಸುಮ್ಮನೆ ನೋಡಿದ, ನೋಡಿದ. ಕೊನೆಗೆ ತಡೆಯಲಾರದೆ ಕೇಳಿದ:

"ಅಕ್ಕಾ, ಗಿಡಕ್ಕೆ ಲೈನಿಂಗ್ ಬಟ್ಟೆನೂ ಹಾಕ್ತೀರಾ?"

ಮಾತು

ತಂದ ಗಿಡ ಹತ್ತೇ ದಿನಕ್ಕೆ ತುದಿ ಒಣಗತೊಡಗಿತು. ಮಾನ ಬಿಟ್ಟು ಟೀಚರ್ ಹತ್ತಿರ ಕೇಳಿದೆ.

"ಬಿಸಿಲಿಗೆ ಇಡಬೇಡಿ, ಮಣ್ಣು ಒಣಗೋಕೆ ಬಿಡಬೇಡಿ. ಆಮೇಲೆ ದಿನಾ ಬೆಳಗ್ಗೆ ಸ್ವಲ್ಪ ಮಾತಾಡ್ಸಿ. ನಾನು ಮಾತಾಡ್ಸ್ತೀನಪ್ಪಾ" ಅಂದರು.

ಕುಂಡವನ್ನು ನೆರಳಿಗೆ ಸರಿಸಿ, ನೀರು ಹಾಕಿ, ಮಾತಿಗೂ ಕೂತೆ. ಏನು ಮಾತಾಡುವುದು? ಬಾಯಿಗೆ ಬಂದದ್ದು ಎದುರು ಮನೆಯದೇ ಸುದ್ದಿ. "ಅವರಿಗೇನವ್ವಾ, ನಾಲ್ಕು ಗಂಟೆಗೆ ಮನೆಗೆ ಬತ್ತಾರೆ, ಬೇಸಿಗೆ ರಜೆ ಬೇರೆ. ನಮಗೆಲ್ಲೈತೆ ರಜೆ?" ಅಂತ ವಾರವಿಡೀ ಹೇಳಿಕೊಂಡೆ. ಗಿಡ ಇನ್ನೂ ಸೊರಗಿತು.

ಗೂಡ್ಸ್ ಆಟೊ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡಿದ್ದ ಯಜಮಾನರು, "ಒಂದೇ ವಾರಕ್ಕೆ ಅದು ಹಿಂಗಾಯ್ತು. ಇಪ್ಪತ್ತು ವರ್ಷದಿಂದ ಕೇಳ್ತಿರೋ ನನ್ನ ಕಡೆ ಒಂದ್ಸಲ ನೋಡು" ಅಂದರು.

ಚುಕ್ಕಿ

ಒಂದು ದಿನ ಟೀಚರ್ ಗಿಡದ ಎಲೆ ಗಾಳಿಗೆ ಮಗುಚಿಕೊಂಡಾಗ ಅಡಿಯಲ್ಲಿ ಸಾಲುಸಾಲಾಗಿ ಕಂದು ಚುಕ್ಕಿ ಕಂಡವು. ರೋಗ! ಆ ಮಧ್ಯಾಹ್ನ ಅನ್ನ ಎರಡು ಸಲ ಬಡಿಸಿಕೊಂಡೆ. ಸಂಜೆ ಮುಖ ಸಪ್ಪೆ ಮಾಡಿಕೊಂಡು ಹೋಗಿ, "ಟೀಚರ್, ಬೇಜಾರು ಮಾಡ್ಕೋಬೇಡಿ, ನಿಮ್ಮ ಗಿಡಕ್ಕೆ ಹುಳ ಬಿದ್ದದೆ" ಅಂದೆ.

ಅವರು ಎಲೆ ಎತ್ತಿ ನೋಡಿ ಕುಣಿದಾಡಿಬಿಟ್ಟರು. "ಅಯ್ಯೋ, ಹುಳ ಅಲ್ಲ ಕಣ್ರೀ! ಜರಿ ಗಿಡದ ಬೀಜ ಇದ್ದಂಗೆ ಇದು. ಚೆನ್ನಾಗಿ ಬಲಿತಿದೆ ಅಂತ ಅರ್ಥ. ನಿಮ್ಮದಕ್ಕಿನ್ನೂ ಬಂದಿಲ್ವಾ?"

ಮನೆಗೆ ಬಂದು ನನ್ನ ಗಿಡದ ಎಲೆಯೆಲ್ಲ ಮಗುಚಿ ನೋಡಿದೆ. ಒಂದೂ ಇಲ್ಲ. ನನ್ನ ಗಿಡಕ್ಕೂ ಹುಳ ಬೀಳಲಪ್ಪಾ ಅಂತ ದೇವರಿಗೆ ಕೈ ಮುಗಿದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಪಲ್ಯ

ಮಳೆಗಾಲದಲ್ಲಿ ಟೀಚರ್ ಒಂದು ವಾರದ ತರಬೇತಿಗೆ ಹೋಗಬೇಕಾಯಿತು. ಗಿಡವನ್ನು ತಂದು ನನ್ನ ಕೈಗೇ ಕೊಟ್ಟರು. "ನಿಮ್ಮನ್ನ ಬಿಟ್ಟರೆ ಇದನ್ನ ಇಷ್ಟು ನೋಡೋರು ಈ ಬೀದೀಲಿ ಯಾರೂ ಇಲ್ಲ" ಅಂದರು. ಮನಸ್ಸು ಕೆಟ್ಟದ್ದು ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನಂಬಿ ಕೊಟ್ಟದ್ದು. ನನ್ನದಕ್ಕಿಂತ ಮೊದಲು ಅದಕ್ಕೇ ನೀರು ಹಾಕಿದೆ. ಸುರುಳಿ ಸುತ್ತಿದ ಹೊಸ ಚಿಗುರು ಹತ್ತಾರು ಎದ್ದವು. ಹೊಟ್ಟೆ ಉರಿಯುತ್ತಿತ್ತು, ನೀರು ಹಾಕುತ್ತಿದ್ದೆ.

ಐದನೇ ದಿನ ಪಿರಿಯಾಪಟ್ಟಣದಾಚೆ, ಕೊಡಗಿನ ಗಡಿಯ ಹಳ್ಳಿಯಿಂದ ನಮ್ಮ ಸೋದರತ್ತೆ ಬಂದರು. ಅವರನ್ನು ಮನೆಯಲ್ಲಿ ಬಿಟ್ಟು ಗುಂಡಿ, ದಾರ ತರಲು ಪೇಟೆಗೆ ಹೋದೆ. ಬರುವಷ್ಟರಲ್ಲಿ ಬಿಸಿ ಅಕ್ಕಿ ರೊಟ್ಟಿ, ಪಲ್ಯ. ಅಂಥ ಪಲ್ಯ ನಾನು ತಿಂದೇ ಇರಲಿಲ್ಲ. ನಾಲ್ಕನೇ ರೊಟ್ಟಿಗೆ ಕೇಳಿದೆ, "ಯಾವ ಸೊಪ್ಪತ್ತೆ ಇದು?"

"ಜರಿ ಚಿಗುರು ಕಣವ್ವಾ. ನಮ್ಮ ಕಡೆ ತೊರೆ ದಡದಲ್ಲಿ ಹುಡುಕಿ ತತ್ತೀವಿ. ತಿನ್ನೋ ಜಾತಿ ಯಾವುದು, ತಿನ್ನಬಾರದ್ದು ಯಾವುದು ಅಂತ ನಂಗೆ ಗೊತ್ತು ಬುಡು. ನೀನು ಕುಂಡದಲ್ಲೇ ಬೆಳ್ಸಿದ್ದೀಯಲ್ಲ, ಜಾಣೆ!"

ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. "ಯಾವ ಕುಂಡದ್ದು ಕುಯ್ದ್ರಿ?"

"ಆ ಹಸುರಾಗಿರೋದು. ಇನ್ನೊಂದ್ರಲ್ಲಿ ಏನೈತೆ? ಒಣಗಿದ ಪೊರಕೆ ಇದ್ದಂಗದೆ."

ಆ ಗಳಿಗೆಯಲ್ಲೂ ನನಗೆ ಮೊದಲು ನೋವಾದದ್ದು ನನ್ನ ಗಿಡವನ್ನು ಪೊರಕೆ ಅಂದದ್ದಕ್ಕೇ.

ಟೀಚರ್ ಬಂದ ದಿನ ಚಿಗುರೊಂದೂ ಉಳಿಯದ ಕುಂಡ ಹಿಡಿದು, ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಕಣ್ಣಲ್ಲಿ ನೀರೇ ಬಂತು. ಅವರು ಕುಂಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ರುಚಿಯಾಗಿತ್ತಾ?"

"ತುಂಬಾ" ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರ ಮುಖ ಊರಗಲವಾಯಿತು. ಕುಂಡವನ್ನು ನನ್ನ ಕೈಯಿಂದ ಇಸಿದುಕೊಂಡು, ಬೀದಿಗೆಲ್ಲ ಕೇಳುವಂತೆ ಅಂದರು:

"ಮತ್ತೆ? ಯಾರ ಗಿಡ!"