ಕುರಿ ಕಾಯುವ ನಾಯಿಯನ್ನು ಮೂರನೇ ಮಹಡಿಗೆ ಕಳಿಸಿಕೊಟ್ಟ ಯಂತ್ರಕ್ಕೆ

ತಳಿ ಆಯ್ಕೆ ಯಂತ್ರ ಮಹಾಶಯರ ಸನ್ನಿಧಿಗೆ,
ಪ್ರಾಣಿ ಆರೈಕೆ ಕೇಂದ್ರ, ಒಳಬಾಗಿಲ ಎಡಬದಿ, ಕುಡಿಯುವ ನೀರಿನ ಕ್ಯಾನಿನ ಪಕ್ಕ.

ಮಾನ್ಯರೇ,

ತಮ್ಮ ಪರದೆಗೆ ಧೂಳು ಕೂರದಿರಲಿ, ತಮ್ಮ ಹೊಟ್ಟೆಯೊಳಗಿನ ಕಾಗದದ ಸುರುಳಿ ಮುಗಿಯದಿರಲಿ, ಮೊಬೈಲ್ ಚಾರ್ಜ್ ಮಾಡಿಕೊಳ್ಳಲೆಂದು ತಮ್ಮ ಪ್ಲಗ್ಗನ್ನು ಯಾರೂ ಕೀಳದಿರಲಿ ಎಂದು ಮನಸಾರೆ ಹಾರೈಸುತ್ತ, ಎರಡು ಕೋಣೆಯ ಮನೆಯೊಂದರ ಹೆಸರಿಗಷ್ಟೇ ಯಜಮಾನನೂ, ಅದೇ ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನೂ ಆದ ನಾನು ಮಾಡಿಕೊಳ್ಳುವ ಅರಿಕೆ ಏನೆಂದರೆ, ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಕೇಂದ್ರದ ವ್ಯಾನು ನಮ್ಮ ಮನೆಗೆ ಬಂದು, ತಾವೇ ಆರಿಸಿಕೊಟ್ಟ ನಾಯಿಯನ್ನು ವಾಪಸು ಒಯ್ಯಲಿದೆ. ದಯಮಾಡಿ ಅದನ್ನು ತಡೆಯಿರಿ. ಪತ್ರದ ಸಾರಾಂಶ ಇಷ್ಟೇ, ಉಳಿದದ್ದೆಲ್ಲ ದೂರು.

ತಮಗೆ ನೆನಪಿರಬಹುದು, ಹೋದ ತಿಂಗಳು ಒಂದು ಭಾನುವಾರ ನಾವು ನಾಲ್ವರು ತಮ್ಮೆದುರು ಬಂದು ನಿಂತೆವು. 'ನಿಮ್ಮ ಮನೆಗೂ ಜೀವನಶೈಲಿಗೂ ಒಪ್ಪುವ ತಳಿ, ನಲವತ್ತೆರಡೇ ಪ್ರಶ್ನೆಗಳಲ್ಲಿ' ಎಂದು ತಮ್ಮ ನೆತ್ತಿಯ ಮೇಲೆ ಬರೆದಿತ್ತು. ಅಂಚೆ ಕಚೇರಿಯಲ್ಲಿ ದಿನವಿಡೀ ಊರವರ ವಿಳಾಸ ಓದಿ ಸುಸ್ತಾಗಿ ಬರುವ ನನ್ನ ಹೆಂಡತಿಗೆ ಕೂದಲು ಉದುರಿಸದ ನಾಯಿ ಬೇಕಿತ್ತು. ಅವಳ ತಾಯಿ, ಅಂದರೆ ನಮ್ಮ ಜೊತೆಯಲ್ಲೇ ಇರುವ ಅತ್ತೆಯವರಿಗೆ, ಒಮ್ಮೆ ಬೊಗಳಿದರೆ ಬಾಗಿಲು ತಟ್ಟಿದವರು ಎರಡು ಮೆಟ್ಟಿಲು ಕೆಳಗಿಳಿಯುವಂಥದ್ದು ಬೇಕಿತ್ತು. ನನಗೆ ಬೇಕಾದದ್ದು ಊಟ ಮಾಡಿ ಮಲಗಿ, ಎದ್ದು ಮಗ್ಗುಲು ಬದಲಿಸಿ, ಮತ್ತೆ ಮಲಗುವ ತಳಿ. ಹನ್ನೊಂದು ವರ್ಷದ ಮಗಳಿಗೆ ನಾಯಿ ಬೇಕಿತ್ತು, ಅಷ್ಟೇ.

ಇಲ್ಲಿ ನಮ್ಮ ಮನೆಯ ಒಂದು ಕಟ್ಟುಪಾಡನ್ನು ತಮಗೆ ತಿಳಿಸಬೇಕು. ಹೊರಗಿನವರ ಎದುರು ಮನೆಯವರ ಮಾತನ್ನು ಯಾರೂ ತಿದ್ದುವಂತಿಲ್ಲ. ಇದು ಅತ್ತೆಯವರು ತಂದ ಕಾನೂನು. ಒಳಗೆ ಬೇಕಾದರೆ ಜುಟ್ಟು ಜುಟ್ಟು ಹಿಡಿದುಕೊಳ್ಳಿ, ಹೊಸ್ತಿಲು ದಾಟಿದ ಮೇಲೆ ಎಲ್ಲರದೂ ಒಂದೇ ನಾಲಿಗೆ ಇರಲಿ ಎನ್ನುವುದು ಅವರ ವಾದ. ತಾವು ಮನುಷ್ಯರಲ್ಲದಿದ್ದರೂ ಹೊರಗಿನವರೇ ಆದ್ದರಿಂದಲೂ, ಕೇಂದ್ರದ ಮೇಲ್ವಿಚಾರಕಿ ತಮ್ಮ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರಿಂದಲೂ, ಆ ಕಾನೂನು ಅಲ್ಲಿಯೂ ಜಾರಿಯಲ್ಲಿತ್ತು.

ಮನೆಗೆ ಅಂಗಳವಿದೆಯೇ ಎಂದು ತಾವು ಕೇಳಿದಿರಿ. "ಇದೆ, ಒಳ್ಳೇ ಗಾಳಿ ಬರುತ್ತೆ," ಎಂದು ಅತ್ತೆಯವರು ಗುಂಡಿ ಒತ್ತಿಯೇಬಿಟ್ಟರು. ಅವರು ಹೇಳಿದ್ದು ನಮ್ಮ ಬಾಲ್ಕನಿಯ ಬಗ್ಗೆ. ಅಲ್ಲಿ ಅವರ ಕುರ್ಚಿ ಹಾಕಿದರೆ ಬಟ್ಟೆ ಒಣಹಾಕಲು ಹೋದವರು ಅಡ್ಡಡ್ಡ ನಡೆಯಬೇಕು. ದಿನಕ್ಕೆ ಎಷ್ಟು ನಡೆಯುತ್ತೀರಿ ಎಂಬ ಪ್ರಶ್ನೆಗೆ ನಾನು ಎಂಟು ಕಿಲೋಮೀಟರ್ ಎಂದೆ. ಮನೆಯಿಂದ ಅಂಗಡಿಗೆ ಇನ್ನೂರ ಹತ್ತು ಹೆಜ್ಜೆ, ಆದರೆ ಮೇಲ್ವಿಚಾರಕಿ ನನ್ನ ಹೊಟ್ಟೆಯನ್ನು ನೋಡುತ್ತಿದ್ದ ರೀತಿಗೆ ಐದು ಕಿಲೋಮೀಟರ್ ಸಾಲದು ಅನ್ನಿಸಿತು. ಮನೆಯಲ್ಲಿ ದನಿ ಎತ್ತರಿಸಿ ಮಾತಾಡುವುದುಂಟೇ ಎಂದದ್ದಕ್ಕೆ 'ಎಂದಿಗೂ ಇಲ್ಲ' ಎಂದು ಒತ್ತಿದವಳು ನನ್ನ ಹೆಂಡತಿ. ಕೊಡೆ ಮರೆತು ಬಂದದ್ದಕ್ಕೆ ಅರ್ಧ ಗಂಟೆ ಮುಂಚೆಯಷ್ಟೇ ಬಸ್ಸಿನ ಡ್ರೈವರು ತಿರುಗಿ ನೋಡುವಂತೆ ನನಗೆ ಬೈದವಳೂ ಅವಳೇ. ಇಪ್ಪತ್ತಮೂರನೆಯದು, ಮನೆಯ ಮಕ್ಕಳ ಜೊತೆ ಯಾರು, ಎಷ್ಟು ಹೊತ್ತು ಆಡುತ್ತಾರೆ ಎಂಬುದು. ಮಗಳು ನಮ್ಮಿಬ್ಬರ ನಡುವೆ ಕೈ ತೂರಿಸಿ, 'ಅಪ್ಪ, ಪ್ರತಿದಿನ, ಒಂದು ಗಂಟೆ' ಎಂದು ಒತ್ತಿದಳು. ಅದನ್ನೂ ಯಾರೂ ತಿದ್ದಲಿಲ್ಲ. ನಾನಂತೂ ನೀರಿನ ಕ್ಯಾನಿನ ಕಡೆ ನೋಡುತ್ತ ನಿಂತೆ.

ತಾವು ಒಂದು ಕ್ಷಣ ಗುರ್ ಎಂದು ಯೋಚಿಸಿ, 'ಕುರಿ ಕಾಯುವ ತಳಿ, ಹೊಂದಾಣಿಕೆ ಶೇಕಡಾ ತೊಂಬತ್ತೇಳು' ಎಂಬ ಚೀಟಿಯನ್ನು ಹೊರಹಾಕಿದಿರಿ. ತಮ್ಮ ನ್ಯಾಯಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅಷ್ಟು ದೊಡ್ಡ ಅಂಗಳವಿರುವ, ಅಷ್ಟು ನಡೆಯುವ, ಒಬ್ಬರಿಗೊಬ್ಬರು ಏರುದನಿಯಲ್ಲಿ ಮಾತೇ ಆಡದ ಸಂಸಾರಕ್ಕೆ ಬೇರೆ ಯಾವ ತಳಿ ತಾನೇ ಸರಿಹೋದೀತು? ಅಂಥ ಸಂಸಾರ ಎಲ್ಲಾದರೂ ಇದ್ದರೆ ವಿಳಾಸ ಕೊಡಿ, ನಾನೇ ಹೋಗಿ ಸೇರಿಕೊಳ್ಳುತ್ತೇನೆ.

ನಾಯಿ ಬಂತು. ಬಂದ ದಿನವೇ ಮನೆಯೆಲ್ಲ ಮೂಸಿ, ಕುರಿಗಳು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ನಿಟ್ಟುಸಿರು ಬಿಟ್ಟು, ಇದ್ದದ್ದರಲ್ಲೇ ಸುಧಾರಿಸುವುದೆಂದು ತೀರ್ಮಾನಿಸಿ ನಮ್ಮನ್ನು ಮೇಯಿಸತೊಡಗಿತು. ಒಬ್ಬರು ಒಂದು ಕೋಣೆಯಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಇರುವುದು ಅದಕ್ಕೆ ಸುತರಾಂ ಆಗದು. ರೇಡಿಯೊ ಜೊತೆ ಒಬ್ಬರೇ ಉಣ್ಣುತ್ತಿದ್ದ ಅತ್ತೆಯವರ ಹಿಮ್ಮಡಿಯನ್ನು ಮೂತಿಯಿಂದ ನೂಕಿ ನೂಕಿ, ತಟ್ಟೆ ಸಮೇತ ನಡುಮನೆಗೆ ತಂದು ಕೂರಿಸಿತು. "ಇದೇನು ನಾಯಿಯೋ, ಇಸ್ಕೂಲ್ ಮೇಷ್ಟ್ರೋ," ಎಂದು ಅತ್ತೆಯವರು ಗೊಣಗಿದಂದಿನಿಂದ ಅದರ ಹೆಸರು ಮೇಷ್ಟ್ರು ಎಂದಾಯಿತು. ಅಂಗಡಿಗೆ ಕರೆದೊಯ್ದರೆ, ಕನ್ನಡಕ ಆರಿಸಲು ಬಂದ ಐದಾರು ಗಿರಾಕಿಗಳನ್ನು ಮೂಲೆಗೆ ಒತ್ತರಿಸಿ ನಿಲ್ಲಿಸಿ, ಇನ್ನೇನು ಮಾಡಲಿ ಎನ್ನುವ ಹಾಗೆ ನನ್ನ ಮುಖ ನೋಡುತ್ತಿತ್ತು. ಹಾಗೆ ನಿಂತವರಲ್ಲಿ ಒಬ್ಬರು ಎರಡು ಜೊತೆ ಆರಿಸಿಕೊಂಡು ಹೋದರು ಎನ್ನುವುದನ್ನು ನ್ಯಾಯವಾಗಿ ಹೇಳಲೇಬೇಕು.

ಮೊದಲ ವಾರ ನನಗೆ ತಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾಯಿಯ ಕಿವಿಯ ಹಿಂದೆ ಒಂದು ಸ್ವಿಚ್ಚು ಕೂರಿಸಿಕೊಡಿ, ಇಲ್ಲವೇ ತಿಂಗಳ ಮಟ್ಟಿಗೆ ನಾಲ್ಕು ಸಾಧು ಕುರಿಗಳನ್ನು ಎರವಲು ಕಳಿಸಿ, ಅವು ಲಿಫ್ಟಿನಲ್ಲಿ ಒಂದೊಂದಾಗಿಯೇ ಬರಲಿ ಎಂದು ಮೊದಲ ಪತ್ರ ಬರೆದವನು ನಾನೇ. ಅದಕ್ಕೆ ತಾವು ಕ್ಯಾರೆ ಎನ್ನಲಿಲ್ಲ.

ಆಮೇಲೆ ಆದದ್ದನ್ನು ಯಾವ ಖಾನೆಯಲ್ಲಿ ತುಂಬಬೇಕೋ ತಿಳಿಯದು. ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆಸದಿದ್ದರೆ ಮೇಷ್ಟ್ರು ನನ್ನ ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದ ಸುತ್ತ ತಿರುಗುತ್ತಿತ್ತು, ಸಂಜೆ ಇನ್ನೂ ನಾಲ್ಕಕ್ಕೆ ದುಂಬಾಲು ಬೀಳುತ್ತಿತ್ತು. ಎಲ್ಲ ಸೇರಿ ಎಂಟಾಯಿತು. ನಾವು ಗಂಡ ಹೆಂಡತಿ ದನಿ ಏರಿಸಿದರೆ ಅದು ನಮ್ಮಿಬ್ಬರಿಗಿಂತ ಜೋರಾಗಿ ಬೊಗಳುತ್ತಿದ್ದರಿಂದ, ಜಗಳವನ್ನು ಪಿಸುಮಾತಿನಲ್ಲೇ ಆಡಬೇಕಾಯಿತು. ಮಾನ್ಯರೇ, ಪಿಸುಮಾತಿನಲ್ಲಿ ಜಗಳವಾಡುವುದು ಎಂಥ ಕಷ್ಟ ಎಂಬುದು ತಮಗೆ ಗೊತ್ತಿರಲಾರದು. ಐದು ನಿಮಿಷದೊಳಗೆ ಇಬ್ಬರಲ್ಲಿ ಒಬ್ಬರಿಗೆ ನಗು ಬಂದುಬಿಡುತ್ತದೆ. ಇನ್ನು ಸಂಜೆ ಆರಾದರೆ ಸಾಕು, ಅಂಗಡಿಯಲ್ಲಿ ಕೂತ ನನ್ನ ಪ್ಯಾಂಟಿನ ತುದಿ ಹಿಡಿದು ಎಳೆದುಕೊಂಡು ಬಂದು, ಮಗಳ ಎದುರು ನಿಲ್ಲಿಸಿ, ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ತಪ್ಪಿಸಿಕೊಳ್ಳಲು ದಾರಿ ಇಲ್ಲದ ಮೇಲೆ ಚೆಂಡು ಎಸೆಯದೆ ಏನು ಮಾಡುವುದು? ಹದಿನೈದು ದಿನಗಳಲ್ಲಿ ನನ್ನ ಮಗಳು ಎಡಗೈಯಲ್ಲಿ ಎಸೆಯುತ್ತಾಳೆ ಎಂಬ ಸಂಗತಿ ನನಗೆ ಮೊದಲ ಬಾರಿಗೆ ತಿಳಿಯಿತು.

ಹೀಗಿರುವಾಗ ಇಪ್ಪತ್ತೇಳನೆಯ ದಿನ ತಮ್ಮ ಪರಿಶೀಲಕರು ಬಂದರು. ಮೂವತ್ತು ದಿನದ ಪರೀಕ್ಷಾ ಅವಧಿ ಮುಗಿಯುವ ಮುನ್ನ ಅದೇ ನಲವತ್ತೆರಡು ಪ್ರಶ್ನೆಗಳನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೇಳುವುದು ಕ್ರಮವಂತೆ. ನಾವು ಮೂವರು ದೊಡ್ಡವರು ಒಂದೇ ನಾಲಿಗೆಯಿಂದ ಉತ್ತರಿಸಿದೆವು. ಮಗಳನ್ನು ಮಾತ್ರ ಆ 'ಅಂಗಳ'ಕ್ಕೆ ಕರೆದೊಯ್ದು, ನಾಯಿ ಬರುವ ಮುಂಚೆಯೂ ಅಪ್ಪ ದಿನಾ ಆಡುತ್ತಿದ್ದರೇ ಎಂದು ಕೇಳಿದರು. "ಇಲ್ಲ, ಅಪ್ಪ ಬರೋ ಹೊತ್ತಿಗೆ ನಾನು ಮಲಗಿರ್ತಿದ್ದೆ. ಈಗ ದಿನಾ ಆಡ್ತಾರೆ, ಮೇಷ್ಟ್ರು ಬಿಡಲ್ಲ," ಎಂದಳು. ನಾಯಿಯನ್ನು ಹೊಗಳಿದೆನೆಂದೇ ಅವಳು ತಿಳಿದದ್ದು. ಪರಿಶೀಲಕರು ಅದನ್ನೇ ಹಿಡಿದುಕೊಂಡು ಕೆದಕಿ ಕೆದಕಿ ಅಂಗಳ, ನಡಿಗೆ, ದನಿ ಎಲ್ಲವನ್ನೂ ಹೊರತೆಗೆದು, 'ಅರ್ಜಿಯಲ್ಲಿ ಸುಳ್ಳು ಮಾಹಿತಿ. ಈ ಮನೆ ಈ ತಳಿಗೆ ತಕ್ಕುದಲ್ಲ' ಎಂದು ಬರೆದು ಮೊಹರು ಒತ್ತಿದರು.

ಅಂದಿನಿಂದ ಮಗಳು ಸರಿಯಾಗಿ ಉಂಡಿಲ್ಲ. ತಾನು ಬಾಯಿ ಬಿಟ್ಟದ್ದರಿಂದಲೇ ಮೇಷ್ಟ್ರು ಹೋಗುತ್ತಿದೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಅತ್ತೆಯವರು, ಆ ಕಾನೂನು ಬರೆದವರೇ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೀನು ಹೇಳಿದ್ದು ಸರಿಯಾಗೇ ಇದೆ ಕಣೇ, ಬಾಯಿ ಮುಚ್ಕೊಂಡಿರಬೇಕಾದೋರು ನಾವು," ಎಂದರು. ಅವಳು ತಲೆ ಎತ್ತಲಿಲ್ಲ. ನಿಜ ಹೇಳಿದ ಒಬ್ಬಳಿಗೇ ಶಿಕ್ಷೆಯಾಗುವಂತೆ ತಾವು ಏರ್ಪಾಡು ಮಾಡಿರುವ ರೀತಿಯನ್ನು ಇನ್ನು ಹೊಗಳಲು ನನಗೆ ಮಾತು ಸಿಗುತ್ತಿಲ್ಲ.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಇಪ್ಪತ್ತಮೂರನೆಯ ಉತ್ತರವನ್ನು ಸುಳ್ಳು ಎಂದು ಬರೆಯಬೇಡಿ, ಕೊಂಚ ಬೇಗ ಹೇಳಿದ ನಿಜ ಎಂದು ತಿದ್ದಿಕೊಳ್ಳಿ. ಅಂಥ ಖಾನೆ ತಮ್ಮಲ್ಲಿ ಇಲ್ಲವಾದರೆ ಒಂದು ಹೊಸದಾಗಿ ತೆರೆಯಿರಿ. ಅದೂ ಆಗದು, ವ್ಯಾನು ಖಾಲಿ ಹಿಂತಿರುಗಬಾರದು ಎಂಬ ನಿಯಮವಿದ್ದರೆ, ತಕ್ಕುದಲ್ಲ ಎಂದು ಸಾಬೀತಾದ ನನ್ನನ್ನೇ ಹತ್ತಿಸಿಕೊಂಡು ಹೋಗಿ. ಗೂಡಿನಲ್ಲಿ ಮೂವತ್ತು ದಿನ ಇರಿಸಿ, ನಲವತ್ತೆರಡೂ ಪ್ರಶ್ನೆ ಕೇಳಿ, ನನಗೆ ಒಪ್ಪುವ ಸಂಸಾರ ಯಾವುದೆಂದು ತಾವೇ ಆರಿಸಿಕೊಡಿ. ಹೊಂದಾಣಿಕೆ ಶೇಕಡಾ ಮೂವತ್ತು ದಾಟುವುದು ಅನುಮಾನ, ಆದರೂ ನನ್ನನ್ನು ಹೇಗೋ ಅಭ್ಯಾಸ ಮಾಡಿಕೊಂಡ ಮನೆಯೊಂದು ಮೂರನೇ ಮಹಡಿಯಲ್ಲಿದೆ.

ಎಂಟು ಕಿಲೋಮೀಟರ್ ನಡೆದು ಬಂದು ಇದನ್ನು ಬರೆದ,
ಸುಳ್ಳುಗಾರನಾದರೂ ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತ ಮಾತು: ನಿನ್ನೆ ತಮ್ಮ ಪರಿಶೀಲಕರು ಕಣ್ಣು ತೋರಿಸಲು ನನ್ನ ಅಂಗಡಿಗೇ ಬಂದಿದ್ದರು, ಕಣ್ಣು ಸರಿಯಿದೆ ಎಂಬ ಚೀಟಿ ಕೇಂದ್ರಕ್ಕೆ ಬೇಕಂತೆ. ಗೋಡೆಯ ಮೇಲಿನ ಅಕ್ಷರದ ಹಲಗೆಯ ಕಟ್ಟಕಡೆಯ ಸಾಲನ್ನು ಗಡಗಡನೆ ಒಪ್ಪಿಸಿ, ಕಣ್ಣು ಚೆನ್ನಾಗಿಯೇ ಇದೆ ಎಂದರು. ಸರದಿಗೆ ಕಾಯುವಾಗ ಹಲಗೆಯ ಹತ್ತಿರ ನಿಂತು ಅದನ್ನು ಬಾಯಿಪಾಠ ಮಾಡಿಕೊಂಡದ್ದನ್ನು ನಾನು ನೋಡಿದ್ದೆ. ಅದರ ಮೇಲಿನ ಸಾಲನ್ನು ಹಿಂದುಮುಂದಾಗಿ ಓದಿಸಿದೆ, ತಡವರಿಸಿದರು. ತಮ್ಮ ನಿಯಮದ ಪ್ರಕಾರ ಸುಳ್ಳು ಉತ್ತರ ಕೊಟ್ಟವರನ್ನು ಬರಿಗಣ್ಣಲ್ಲೇ ಹೊರಗೆ ಕಳಿಸಬೇಕಿತ್ತು. ನಾನು ಅವರು ಹೇಳಿದ್ದನ್ನು ಬಿಟ್ಟು, ಅವರ ಕಣ್ಣಿಗೆ ಬೇಕಾದದ್ದನ್ನು ಬರೆದುಕೊಂಡೆ. ಕನ್ನಡಕ ಶುಕ್ರವಾರ ಸಿದ್ಧವಾಗುತ್ತದೆ. ಶನಿವಾರ ಅದನ್ನು ಹಾಕಿಕೊಂಡೇ ಬರಲು ಹೇಳಿ. ಬಾಗಿಲು ತೆರೆಯುವವಳು ನನ್ನ ಮಗಳು.